ಕೌದಿಗೆ ಮೂಗಿಲ್ಲ

ಸುಟ್ಟ ಮೈಗೆ ಅದೇ ಮೈಯ ಚರ್ಮವನ್ನು ಬೆಳೆಸಿ, ಅದೇ ದಿನ ಹೊದಿಸುವ ಯಂತ್ರವೊಂದು ಬಂದರೆ? ಇಂಥದೊಂದು ಪ್ರಶ್ನೆಯನ್ನು ಯಾರೋ ಯಾವಾಗಲೋ ಕೇಳಿಕೊಂಡಿದ್ದರು. ಯಂತ್ರ ಬಂದೇಬಿಟ್ಟಿತು. ಬಂದ ಹೊಸದರಲ್ಲಿ ಅದಕ್ಕೆ ‘ಸಜೀವ ಚರ್ಮ ಮುದ್ರಣ ಘಟಕ’ ಎಂಬ ಹನ್ನೊಂದು ಅಕ್ಷರದ ಸರ್ಕಾರಿ ಹೆಸರಿತ್ತು. ದಾವಣಗೆರೆಯ ಜನ ಒಂದು ವಾರ ಅದನ್ನು ಹೇಳಿ ನೋಡಿ, ನಾಲಿಗೆ ನೋಯಿಸಿಕೊಂಡು, ಕೊನೆಗೆ ಕೌದಿ ಎಂದು ಕರೆದರು. ಅದು ಮಾಡುವ ಕೆಲಸವೂ ಅದೇ ತಾನೆ. ತುಂಡಿಗೆ ತುಂಡು ಸೇರಿಸಿ ಹೊಲಿದು ಮಗುವಿಗೆ ಹೊದಿಸುವುದು.

ಊರಿನ ಹಳೇ ಹತ್ತಿ ಮಿಲ್ಲಿನ ಜಾಗದಲ್ಲಿ ಕಟ್ಟಿದ ಮಕ್ಕಳ ತುರ್ತು ಆಸ್ಪತ್ರೆಯಲ್ಲಿ ಕೌದಿ ನಾಲ್ಕು ವರ್ಷದಿಂದ ಕೂತಿತ್ತು. ಅದನ್ನು ನಡೆಸುವವಳು ಸಿಂಚನಾ ಸಿಸ್ಟರ್. ವಯಸ್ಸು ಐವತ್ತು, ಮಾತು ಖಾರ, ಕೈ ಹಗುರ. ಅವಳು ಸೂಜಿ ಚುಚ್ಚಿದರೆ ಮಗುವಿಗೆ ಗೊತ್ತಾಗುವುದಿಲ್ಲ, ಮಾತಿನಲ್ಲಿ ಚುಚ್ಚಿದರೆ ಮಗುವಿನ ಅಪ್ಪ ಒಂದು ತಿಂಗಳು ಮರೆಯುವುದಿಲ್ಲ ಎಂದು ವಾರ್ಡಿನಲ್ಲಿ ಹೇಳುತ್ತಿದ್ದರು.

ಆಸ್ಪತ್ರೆಯ ಬಾಗಿಲಿನ ಮೇಲೆ ಕೆಂಪಕ್ಷರದ ಬೋರ್ಡೊಂದಿತ್ತು: ‘ಸುಟ್ಟ ಗಾಯಕ್ಕೆ ಮನೆಮದ್ದು ಹಚ್ಚಿ ತಂದರೆ ಪೋಷಕರ ಮೇಲೆ ಕೇಸು ಹಾಕಲಾಗುವುದು.’ ಅದನ್ನು ಬರೆಸಿದವಳೂ ಸಿಂಚನಾಳೇ. ಮೇಲಿನವರಿಗೆ ಆರು ಅರ್ಜಿ ಕೊಟ್ಟು, ಹಟ ಹಿಡಿದು ಬರೆಸಿದ್ದಳು. ಬೋರ್ಡು ಬಂದ ಮೇಲೆ ಗಾಯಕ್ಕೆ ಏನಾದರೂ ಬಳಿದುಕೊಂಡು ಬರುವ ಮಕ್ಕಳ ಸಂಖ್ಯೆ ತಿಂಗಳಿಗೆ ಹದಿನೈದರಿಂದ ಒಂದಕ್ಕೆ ಇಳಿದಿತ್ತು. ಆ ಲೆಕ್ಕವನ್ನು ಅವಳು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಅಜ್ಜಿಯರ ಹೆಸರು ಶಿಲ್ಪಾ, ಸುಷ್ಮಾ ಎಂದೂ ಮೊಮ್ಮಕ್ಕಳ ಹೆಸರು ಹಾಲಮ್ಮ, ಕೊಟ್ರಮ್ಮ ಎಂದೂ ಇದ್ದ ಕಾಲ ಅದು. ಹೆಸರುಗಳೂ ಸೀರೆಯ ಅಂಚಿನ ಹಾಗೆ, ಹಳೆಯವೇ ತಿರುಗಿ ಹೊಸವಾಗುತ್ತವೆ. ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಶಿಲ್ಪಾ ಎಂಬ ಅರವತ್ತೆರಡರ ಅಜ್ಜಿ, ಆರು ವರ್ಷದ ಮೊಮ್ಮಗಳು ಹಾಲಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ ಬಂದಳು. ಮಗುವಿನ ಅಪ್ಪ ಅಮ್ಮ ಮಂಡಕ್ಕಿ ಚೀಲ ಹೇರಿಕೊಂಡು ಚಿತ್ರದುರ್ಗಕ್ಕೆ ಹೋಗಿದ್ದರು. ಸುದ್ದಿ ಮುಟ್ಟಿತ್ತು, ವಾಪಸು ಹೊರಟಿದ್ದರು.

ಅವರದು ಮಂಡಕ್ಕಿ ಭಟ್ಟಿ. ಈಗಿನ ಭಟ್ಟಿಗಳಲ್ಲಿ ಬೆಂಕಿಯಿಲ್ಲ, ಕರೆಂಟಿನಲ್ಲಿ ತಿರುಗುವ ಡ್ರಮ್ಮಿದೆ. ಹೊಗೆ ಹೋಯಿತು, ಆದರೆ ಮರಳು ಹೋಗಲಿಲ್ಲ. ಕಾದ ಮರಳಲ್ಲದೆ ಬೇರೆ ಯಾವುದರಲ್ಲೂ ಅಕ್ಕಿ ಹಾಗೆ ಅರಳುವುದಿಲ್ಲ. ಜರಡಿಯಿಂದ ಚಿಮ್ಮುವ ಮೊದಲ ಮಂಡಕ್ಕಿ ಹಿಡಿಯಲು ಹೋದ ಹಾಲಮ್ಮ ಕಾಲು ಜಾರಿ, ಆಗಷ್ಟೇ ಸುರಿದ ಮರಳಿನ ಗುಡ್ಡೆಯ ಮೇಲೆ ಬಿದ್ದಿದ್ದಳು. ಬಲಗೈ ಮೊಣಕೈವರೆಗೆ ಹೂತುಹೋಗಿತ್ತು. ಎದೆಗೂ ತಾಗಿತ್ತು.

ಸಿಂಚನಾ ಮಗುವನ್ನು ಮಂಚದ ಮೇಲೆ ಮಲಗಿಸಿ, ನೋವು ಮರೆಸುವ ಆವಿಯ ಮುಖವಾಡ ಹಿಡಿದಳು. ಎದೆಯ ಗಾಯ ಕೆಂಪಾಗಿತ್ತು, ಮುಂಗೈ ಬೆಳ್ಳಗೆ ಬೊಬ್ಬೆ ಎದ್ದಿತ್ತು. ಬೆರಳುಗಳು ಮಾತ್ರ ಕಪ್ಪಗಿದ್ದವು.

“ಏನಾದ್ರೂ ಹಚ್ಚಿದ್ರಾ?” ಎಂದಳು. ಪ್ರತಿದಿನ ಕೇಳುವ ಪ್ರಶ್ನೆ, ಕೇಳುವ ಧಾಟಿಯೂ ಪ್ರತಿದಿನದ್ದೇ, ಪೊಲೀಸರದ್ದು.

“ಇಲ್ರೀ. ಏನೂ ಹಚ್ಚಿಲ್ಲ,” ಎಂದಳು ಶಿಲ್ಪಾ. ಎರಡೂ ಕೈ ಸೆರಗಿನೊಳಗಿದ್ದವು.

ಆವಿ ಏರುತ್ತಿದ್ದಂತೆ ಹಾಲಮ್ಮನ ಕಣ್ಣು ಎಳೆಯತೊಡಗಿತು. “ಸಿಸ್ಟರೇ, ನನ್ ಚಕ್ರ ಹೋಗ್ತವಾ?” ಎಂದಿತು ಮಗು.

“ಯಾವ ಚಕ್ರ, ಬಂಗಾರ?”

“ಬೆರಳಿಂದು. ಅಜ್ಜಿ ಎಣಿಸೈತೆ. ಒಂಬತ್ತು ಚಕ್ರ, ಒಂದೇ ಒಂದು ಶಂಖ. ಹತ್ತೂ ಚಕ್ರ ಇದ್ರೆ ರಾಣಿ ಆಗ್ತಿದ್ನಂತೆ. ಒಂದು ಕಮ್ಮಿ ಬಿತ್ತು.”

“ಎಲ್ಲೂ ಹೋಗಲ್ಲ, ಮಲಕ್ಕೋ,” ಎಂದಳು ಸಿಂಚನಾ. ಹಾಗೆ ಮಾತು ಕೊಡಬಾರದೆಂದು ಕಿರಿಯ ನರ್ಸುಗಳಿಗೆ ಪಾಠ ಹೇಳುವವಳೂ ಅವಳೇ.

ಕೌದಿ ಕೆಲಸ ಮಾಡುವ ಬಗೆ ಹೇಳಲು ಕಷ್ಟವಿಲ್ಲ. ಮೊದಲು ಮಗುವಿನ ತೊಡೆಯಿಂದ ಹೆಬ್ಬೆರಳ ಉಗುರಿನಷ್ಟು ಚರ್ಮ ತೆಗೆಯುತ್ತದೆ. ಅದನ್ನು ಬಿಡಿಬಿಡಿ ಕಣವಾಗಿಸಿ, ಅಂಟಿನಂಥ ದ್ರವದಲ್ಲಿ ತೇಲಿಬಿಟ್ಟು, ಒಂದು ಬಗೆಯ ನೇರಳೆ ಬೆಳಕು ಹಾಯಿಸಿ ಎಬ್ಬಿಸುತ್ತದೆ. ಎದ್ದ ಕಣಗಳು ಹುಚ್ಚು ಹಿಡಿದಂತೆ ಒಂದು ನೂರಾಗಿ, ನೂರು ಸಾವಿರವಾಗಿ ಬೆಳೆಯುತ್ತವೆ. ಆದರೆ ನಲವತ್ತು ನಿಮಿಷದೊಳಗೆ ಗಾಯದ ಮೇಲೆ ಕೂರಬೇಕು, ಇಲ್ಲದಿದ್ದರೆ ಸಾಯುತ್ತವೆ. ಮತ್ತೆ ಎಬ್ಬಿಸಲು ಎರಡು ದಿನ ಕಾಯಬೇಕು. ಎದೆ, ಕೈ ತೆರೆದುಕೊಂಡು ಮಲಗಿದ ಆರು ವರ್ಷದ ಮಗುವಿಗೆ ಎರಡು ದಿನ ಬಹಳ ದೊಡ್ಡದು. ಅಷ್ಟರಲ್ಲಿ ನಂಜು ರಕ್ತಕ್ಕೆ ಇಳಿದಿರುತ್ತದೆ.

ಇನ್ನೊಂದು ವಿಷಯ. ಸತ್ತ ಮಾಂಸದ ಮೇಲೆ ಹೊಸ ಚರ್ಮ ನಿಲ್ಲುವುದಿಲ್ಲ, ಅಡಿಯಿಂದ ಕೊಳೆಯುತ್ತದೆ. ಅದಕ್ಕೇ ಕೌದಿಗೆ ಒಂದು ಕಣ್ಣಿತ್ತು. ಗಾಯದೊಳಕ್ಕೆ ಬೆಳಕು ಬಿಟ್ಟು, ರಕ್ತ ಎಲ್ಲಿ ಹರಿಯುತ್ತಿದೆ, ಎಲ್ಲಿ ನಿಂತಿದೆ ಎಂದು ಅದು ನೋಡುತ್ತಿತ್ತು. ಜೀವವಿದ್ದ ಕಡೆ ಹಸಿರು, ಸತ್ತ ಕಡೆ ಕಪ್ಪು. ಕಪ್ಪು ಬಂದ ಕಡೆ ಕತ್ತರಿ.

ಕೌದಿಯ ಕೋಣೆಯಲ್ಲಿ ಪರದೆಯ ಮೇಲೆ ಹಾಲಮ್ಮನ ಕೈ ಮೂಡಿತು. ಎದೆ ಹಸಿರು, ಮುಂಗೈ ಹಸಿರು, ಅಂಗೈ ಹಸಿರು. ಹೆಬ್ಬೆರಳೂ ಹಸಿರೇ. ಉಳಿದ ನಾಲ್ಕು ಬೆರಳು ನಡುಗೆಣ್ಣಿನಿಂದ ಮೇಲೆ ಕಡುಗಪ್ಪು. ಕೆಳಗೆ ಕೌದಿಯ ತೀರ್ಪು ಬಂತು: ನಾಲ್ಕೂ ಬೆರಳನ್ನು ನಡುಗೆಣ್ಣಿನಲ್ಲಿ ತೆಗೆಯತಕ್ಕದ್ದು. ಕಣಗಳು ಎದ್ದಾಗಿತ್ತು. ಗಡಿಯಾರ ನಲವತ್ತರಿಂದ ಇಳಿಯಲು ಶುರುವಾಗಿತ್ತು.

ತೀರ್ಪಿಗೆ ಒಪ್ಪಿಗೆ ಕೊಡಬೇಕಾದವರು ಬೆಂಗಳೂರಿನ ನಿಯಂತ್ರಣ ಕೋಣೆಯಲ್ಲಿ ಕೂತ ಡಾಕ್ಟರ್ ಪ್ರಣೀತ್ ಕಾಮತ್. ಹನ್ನೆರಡು ಜಿಲ್ಲೆಗಳ ಹನ್ನೆರಡು ಕೌದಿಗಳು ಅವರ ಮುಂದಿನ ಗೋಡೆಯ ಮೇಲೆ ಬೆಳಗುತ್ತಿದ್ದವು. ಒಳ್ಳೆಯ ಮನುಷ್ಯ, ಕೈ ನಡುಗದ ಸರ್ಜನ್. ಅವರು ಅಲ್ಲಿ ಬೆರಳಾಡಿಸಿದರೆ ಇಲ್ಲಿ ಕತ್ತರಿ ಆಡುತ್ತಿತ್ತು.

“ಪಾಪ, ಬಲಗೈ,” ಎಂದರು ಕಾಮತ್ ಪರದೆಯಿಂದ. “ಬೇರೆ ದಾರಿ ಇಲ್ಲ ಸಿಸ್ಟರ್. ಶುರು ಮಾಡೋಣ್ವಾ?”

ಸಿಂಚನಾ ಕೈ ಸರಿಯಾಗಿ ಇಡಲೆಂದು ಬಗ್ಗಿದಳು. ಬಗ್ಗಿದಾಗ ಒಂದು ವಾಸನೆ ಬಂತು. ಸುಟ್ಟ ಮಾಂಸದ ವಾಸನೆ ಅವಳಿಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತು. ಇದು ಅದಲ್ಲ. ಇದು ಸೋಪಿನ ವಾಸನೆ.

ಸುಟ್ಟ ಕೈಯನ್ನು ಸೋಪು ಹಾಕಿ ಯಾರಾದರೂ ತೊಳೆಯುತ್ತಾರೆಯೇ? ಏನನ್ನೋ ಕಳೆಯಬೇಕಾದವರು ಮಾತ್ರ ತೊಳೆಯುತ್ತಾರೆ. ಅವಳು ಇನ್ನೂ ಬಗ್ಗಿ ಮೂಸಿದಳು. ಸೋಪಿನ ಅಡಿಯಲ್ಲಿ ಜಿಡ್ಡು ಜಿಡ್ಡಾದ ಮತ್ತೊಂದು ವಾಸನೆಯಿತ್ತು. ಕೌದಿಗೆ ಕಣ್ಣಿತ್ತು, ಮೂಗಿರಲಿಲ್ಲ.

“ಡಾಕ್ಟ್ರೇ, ನಿಲ್ಲಿ. ಈ ಕೈಗೆ ಏನೋ ಹಚ್ಚಿದ್ದಾರೆ. ಕಪ್ಪಗಿರೋದು ಬೆರಳಲ್ಲ, ಬೆರಳಿನ ಮೇಲಿಂದು.”

“ಅಜ್ಜಿ ಏನೂ ಹಚ್ಚಿಲ್ಲ ಅಂದಿದ್ದಾರೆ, ನೀವೇ ಬರೆದಿದ್ದೀರಿ.”

“ಅಂದಿದ್ದಾರೆ. ನಂಗೆ ಅನುಮಾನ.”

“ಸಿಸ್ಟರ್, ನನಗೆ ಬೇಕಾದ್ದು ಮಾಹಿತಿ, ಅನುಮಾನ ಅಲ್ಲ. ಏನು ಹಚ್ಚಿದ್ದು ಅಂತ ಗೊತ್ತಿಲ್ಲದೆ ಏನು ಹಾಕಿ ಒರೆಸ್ತೀರಿ? ಸುಣ್ಣ ಆಗಿದ್ರೆ ಇನ್ನಷ್ಟು ಸುಡತ್ತೆ.” ಕಾಮತರಿಗೂ ಅದು ಬಿಸಿ ತುಪ್ಪವೇ ಆಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. “ಮೂವತ್ಮೂರು ನಿಮಿಷ ಇದೆ. ಹದಿನೈದಕ್ಕೆ ಇಳಿದ್ರೆ ನಾನು ಕತ್ತರಿಸಲೇಬೇಕು. ಇಲ್ಲಾಂದ್ರೆ ಇಡೀ ಕೈ ಹೋಗತ್ತೆ.”

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ, ಪರಾಂಬರಿಸಲು ಹದಿನೆಂಟು ನಿಮಿಷ ಸಿಕ್ಕಿತು.

ಹೊರಗೆ ಬೆಂಚಿನ ಮೇಲೆ ಶಿಲ್ಪಾ ಕೂತಿದ್ದಳು. ಸಿಂಚನಾ ಅವಳ ಮುಂದೆ ಮಂಡಿಯೂರಿದಳು.

“ಶಿಲ್ಪಕ್ಕ, ಕೈ ತೋರ್ಸಿ.”

ತೋರಿಸಲಿಲ್ಲ. ಸಿಂಚನಾ ಸೆರಗಿನೊಳಗಿಂದ ಎಳೆದಳು. ಎರಡೂ ಕೈ ತಿಕ್ಕಿ ತಿಕ್ಕಿ ಕೆಂಪಾಗಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು ಕೂತಿತ್ತು.

“ಇದೇನು?”

“ಭಟ್ಟಿ ಕೆಲಸ ಅಲ್ವೇನ್ರೀ. ಕೊಳೆ.”

“ಮಗೀಗೆ ಏನ್ ಹಚ್ಚಿದ್ರಿ? ಹೇಳಿ. ಹೇಳದಿದ್ರೆ ನಾಲ್ಕು ಬೆರಳು ತೆಗೀತಾರೆ.”

“ಹಚ್ಚಿಲ್ಲ ಅಂದ್ನಲ್ಲ ತಾಯಿ. ಏನೂ ಹಚ್ಚಿಲ್ಲ.” ಅಜ್ಜಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಆದರೂ ಮಾತು ಬದಲಾಗಲಿಲ್ಲ. ಹೇಳಲು ಬಾಯಿ ತೆರೆಯುತ್ತಾಳೆ, ಕಣ್ಣು ಸಿಂಚನಾಳ ತಲೆಯ ಮೇಲಿಂದ ಎಲ್ಲಿಗೋ ಹೋಗುತ್ತದೆ, ಬಾಯಿ ಮುಚ್ಚುತ್ತಾಳೆ. ಹೀಗೆ ಎರಡು ಸಲ ಆಯಿತು. ಮೂರನೇ ಸಲ ಸಿಂಚನಾ ತಿರುಗಿ ನೋಡಿದಳು.

ಕೆಂಪಕ್ಷರದ ಬೋರ್ಡು.

ಅವಳಿಗೆ ಹದಿನೈದು ಒಂದಾದದ್ದು ಹೇಗೆಂದು ಒಂದೇ ಕ್ಷಣದಲ್ಲಿ ಹೊಳೆಯಿತು. ಜನ ಹಚ್ಚುವುದನ್ನು ಬಿಟ್ಟಿರಲಿಲ್ಲ. ಹೇಳುವುದನ್ನು ಬಿಟ್ಟಿದ್ದರು. ಕಾಯಲೆಂದು ಹಾಕಿದ ಬೇಲಿ ತಾನೇ ಎದ್ದು ಹೊಲ ಮೇಯುತ್ತಿತ್ತು, ಹಾಕಿದವಳು ಪಕ್ಕದಲ್ಲೇ ನಿಂತು ಇಳುವರಿ ಎಣಿಸುತ್ತಿದ್ದಳು.

ಸಿಂಚನಾ ಎದ್ದು, ಬಾಗಿಲ ಬಳಿಯ ಬೆಂಚು ಎಳೆದು, ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿದಳು. ಕಾಯುತ್ತಿದ್ದ ಇಪ್ಪತ್ತು ಮೂವತ್ತು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಬೋರ್ಡನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಒಂದು ಮೊಳೆ ಬಂತು, ಇನ್ನೊಂದು ಬರಲಿಲ್ಲ. ಬೆಂಚು ಅಲುಗಾಡಿತು. ವಾಚ್‌ಮನ್ ಓಡಿ ಬಂದು “ಮೇಡಂ, ಸರ್ಕಾರಿ ಬೋರ್ಡು!” ಎಂದ. “ಬೆಂಚು ಹಿಡ್ಕಳಯ್ಯ ಸುಮ್ನೆ,” ಎಂದಳು. ಅವನು ಹಿಡಿದುಕೊಂಡ. ಎರಡನೇ ಮೊಳೆಯ ಜೊತೆ ಅಂಗೈಯಗಲ ಗಾರೆಯೂ ಕಿತ್ತುಬಂತು.

ಬೋರ್ಡನ್ನು ಶಿಲ್ಪಾಳ ಕಾಲ ಬುಡದಲ್ಲಿ ಮಗುಚಿ ಹಾಕಿದಳು.

“ಇದನ್ನ ಬರೆಸಿದೋಳು ನಾನೇ ಅಕ್ಕ. ನನ್ ತಮ್ಮ ನಾಲ್ಕು ವರ್ಷದೋನು, ಮೈ ಮೇಲೆ ಬಿಸಿ ಸಾರು ಬಿತ್ತು. ನಮ್ಮವ್ವ ದೋಸೆ ಹಿಟ್ಟು ಹಚ್ಚಿದ್ಲು. ಮೂರನೇ ದಿನ ಹೋಗ್ಬಿಟ್ಟ. ಆ ಸಿಟ್ಟಿಗೆ ಬರೆಸಿದೆ. ತಪ್ಪು ಮಾಡ್ದೆ. ನಿಮ್ ಮೇಲೆ ಕೇಸಿಲ್ಲ, ಬೈಗುಳಿಲ್ಲ. ಏನ್ ಹಚ್ಚಿದ್ರಿ, ಅದೊಂದು ಹೇಳಿ.”

ಶಿಲ್ಪಾ ಬೋರ್ಡಿನ ಬೆನ್ನು ನೋಡಿದಳು. ಆಮೇಲೆ ಒಮ್ಮೆಲೇ ಕಟ್ಟೆ ಒಡೆಯಿತು.

“ಮಸಿ ಹಚ್ದೆ ನಮ್ಮವ್ವಾ. ಭಟ್ಟಿ ಮಸಿ. ಹೊಟ್ಟು ಉರಿಸ್ತಿದ್ದ ಕಾಲದ್ದು, ಹಳೇ ಗೋಡೆಯಿಂದ ಕೆರೆದು ಹರಳೆಣ್ಣೇಲಿ ಕಲಸಿ ಡಬ್ಬೀಲಿ ಇಟ್ಟಿದ್ದೆ. ನಮ್ಮತ್ತೆ ಕಾಲದಿಂದ ಯಾರಿಗೆ ಕೈ ಸುಟ್ರೂ ಅದೇ. ನಾಲ್ಕು ಬೆರಳಿಗೆ ಹಚ್ಚಿ ಮುಗಿಸಿದ್ದೆ, ಅಷ್ಟರಾಗೆ ಪಕ್ಕದ ಮನೆಯೋಳು ಬಂದು, ಕೇಸು ಹಾಕ್ತಾರೆ, ಮಗೀನ ಕಿತ್ಕಂತಾರೆ ಅಂದ್ಲು. ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ತಿಕ್ಕಿಬಿಟ್ಟೆ. ಕೂಸು ಹೆಂಗೆ ಕಿರುಚ್ತು ಅಂತೀರಿ. ನಾನೇ ಕೊಂದ್ನೇನೋ ಅದನ್ನ.”

“ಕೊಂದಿಲ್ಲ. ಉಳಿಸಿದ್ರಿ,” ಎಂದು ಸಿಂಚನಾ ಒಳಗೆ ಓಡಿದಳು.

ಈಗ ಎಲ್ಲ ಸರಳವಾಯಿತು. ಮಸಿ ಎಂದರೆ ಬೆಳಕನ್ನೆಲ್ಲ ನುಂಗುವ ಪುಡಿ. ಸೋಪು ಹಾಕಿ ತಿಕ್ಕಿದ್ದರಿಂದ ಅದು ಹೋಗುವ ಬದಲು ಸುಟ್ಟ ಮೇಲ್ಪದರದೊಳಕ್ಕೆ ಇಳಿದಿತ್ತು. ಕೌದಿಯ ಬೆಳಕು ಒಳಗೆ ಹೋಗಿ ತಿರುಗಿ ಬರಲೇ ಇಲ್ಲ. ಬೆಳಕು ಬರದ ಕಡೆ ರಕ್ತವಿಲ್ಲ, ರಕ್ತವಿಲ್ಲದ ಕಡೆ ಜೀವವಿಲ್ಲ ಎಂದು ಅದು ಲೆಕ್ಕ ಹಾಕಿತ್ತು. ಅದಕ್ಕೆ ಗಾಯಗಳನ್ನು ತೋರಿಸಿ ಕಲಿಸಿದವರ ಊರಿನಲ್ಲಿ ಮಂಡಕ್ಕಿ ಭಟ್ಟಿ ಇರಲಿಲ್ಲ.

“ಮಸಿ, ಹರಳೆಣ್ಣೆ,” ಎಂದಳು ಪರದೆಗೆ. “ಎಣ್ಣೆ ಮಸಿ ಎಣ್ಣೆಗೇ ಬಿಡೋದು. ಕುದಿಸಿ ಆರಿಸಿದ ಎಣ್ಣೆ ನಮ್ಮಲ್ಲಿದೆ.”

“ಹತ್ತೊಂಬತ್ತು ನಿಮಿಷ,” ಎಂದರು ಕಾಮತ್. ಅದರಲ್ಲಿ ಹದಿನೈದು ಕಳೆದು, “ನಾಲ್ಕು ನಿಮಿಷ ನಿಮ್ಮದು, ಸಿಸ್ಟರ್,” ಎಂದರು.

ನಾಲ್ಕು ಬೆರಳು, ನಾಲ್ಕು ನಿಮಿಷ. ಸಿಂಚನಾ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಬಾಣಂತಿ ಮನೆಯಲ್ಲಿ ಎಳೆಗೂಸಿನ ಕಣ್ಣು ಒರೆಸುವ ಹಾಗೆ ಒರೆಸಿದಳು. ಮೊದಲ ಹತ್ತಿ ಕಪ್ಪಾಯಿತು, ಎರಡನೆಯದೂ ಕಪ್ಪಾಯಿತು. ಮೂರನೆಯದಕ್ಕೆ ಸುಟ್ಟ ತೆಳು ಪೊರೆ ಮಸಿಯ ಸಮೇತ ಕಿರುಬೆರಳಿನಿಂದ ಜಾರಿತು. ಅಡಿಯಲ್ಲಿ ಗುಲಾಬಿ ಬಣ್ಣವಿತ್ತು. ಅವಳು ಅಳುತ್ತಿದ್ದಳು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಕೌದಿ ಎರಡನೇ ಸಲ ಕಣ್ಣು ತೆರೆಯಿತು. ಕಿರುಬೆರಳು ಹಸಿರು. ಉಂಗುರದ ಬೆರಳು ಹಸಿರು. ನಡುಬೆರಳು, ತೋರುಬೆರಳು ತುದಿಯವರೆಗೂ ಹಸಿರು, ತುದಿಯಲ್ಲಿ ಮಾತ್ರ ಕಡಲೆಕಾಳಿನಷ್ಟು ಕಪ್ಪು. ಅಷ್ಟನ್ನು ಕೆರೆದರೆ ಸಾಕು. ಕತ್ತರಿ ಬೇಡ.

ಪರದೆಯಲ್ಲಿ ಕಾಮತ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. “ಹೊಲಿಯೋಣ,” ಎಂದರು. ಗಡಿಯಾರ ಹದಿನಾಲ್ಕಕ್ಕೆ ಇಳಿದಾಗ ಕೌದಿ ಹಾಲಮ್ಮನ ಎದೆಯ ಮೇಲೆ ಅವಳದೇ ಚರ್ಮದ ಮೊದಲ ಪದರ ಹಾಸಲು ಶುರುಮಾಡಿತು.

ಆ ಸಂಜೆ ಸಿಂಚನಾ ಮನೆಗೆ ಹೋದಾಗ ಅವಳ ತಾಯಿ ಸವಿತಾ ಟಿ.ವಿ. ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಎಪ್ಪತ್ತನಾಲ್ಕು ವರ್ಷ, ಕಿವಿ ಚುರುಕು, ಮಾತು ಕಡಿಮೆ. ದಾವಣಗೆರೆಯಲ್ಲಿದ್ದುಕೊಂಡು ದೋಸೆ ಹುಯ್ಯದ ಮನೆ ಒಂದಿದ್ದರೆ ಅದು ಅವರದು. ಯಾರೂ ಬೇಡವೆಂದಿರಲಿಲ್ಲ. ನಲವತ್ತೆರಡು ವರ್ಷದಿಂದ ಯಾರೂ ಅಕ್ಕಿ ನೆನೆಹಾಕಿರಲಿಲ್ಲ, ಅಷ್ಟೆ.

ಸಿಂಚನಾ ಪಕ್ಕ ಕೂತು, ನಾಲ್ಕು ಎಸಳು ಬಿಡಿಸಿ, ಕೇಳಿದಳು. “ಅವ್ವ, ಚೇತನ್‌ಗೆ ಹಿಟ್ಟು ಹಚ್ಚಿದ್ದು ಅವತ್ತು ಡಾಕ್ಟ್ರಿಗೆ ಹೇಳಿದ್ಯಾ?”

ಸವಿತಾಳ ಕೈ ನಿಂತಿತು.

“ಪಕ್ಕದ ಬೆಡ್ಡಿನೋಳು ಅರಿಶಿನ ಹಚ್ಚಿದ್ಲು ಅಂತ ಎಲ್ಲರ ಮುಂದೆ ಬೈದ್ರು. ‘ನೀನು ತಾಯಿನಾ?’ ಅಂದ್ರು. ಆಮೇಲೆ ನನ್ ಕಡೆ ತಿರುಗಿದ್ರು. ಏನೂ ಹಚ್ಚಿಲ್ಲ ಅಂದೆ.” ಬೆಳ್ಳುಳ್ಳಿ ಸಿಪ್ಪೆಯನ್ನು ಮಡಿಲಿನಿಂದ ಒಂದೊಂದೇ ಹೆಕ್ಕಿದಳು. “ಒಣಗಿದ ಹಿಟ್ಟಿನ ಮೇಲೇ ಬಟ್ಟೆ ಸುತ್ತಿದ್ರು. ಹೇಳಿದ್ದಿದ್ರೆ ತೊಳೀತಿದ್ರೇನೋ. ದಿನಾ ಅಂದ್ಕಂತೀನಿ.”

“ನಾನೂ ಒಂದಿನ ಕೇಳ್ಲಿಲ್ಲ ನಿನ್ನ.”

“ನೀನು ಬೋರ್ಡು ಬರೆಸಿದೆ,” ಎಂದಳು ಸವಿತಾ. ಮಾತಿನಲ್ಲಿ ಕೊಂಕಿರಲಿಲ್ಲ, ನೋವಿತ್ತು. ಸಿಂಚನಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಐವತ್ತು ವರ್ಷದ ಹೆಂಗಸಿನ ತಲೆಯಲ್ಲಿ ಬೆಳ್ಳುಳ್ಳಿ ನಾತದ ಬೆರಳುಗಳು ಓಡಾಡಿದವು. ಆಮೇಲೆ ಸವಿತಾ ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಯಿಂದ ಅಕ್ಕಿ ಅಳೆದು ಸುರಿದ ಸದ್ದು, ನೀರು ಬಿಟ್ಟ ಸದ್ದು ಕೇಳಿಸಿತು.

ಮಾರನೇ ದಿನ ಸಿಂಚನಾ ನಿಯಂತ್ರಣ ಕೋಣೆಗೆ ಎರಡು ಮಾತು ಬರೆದಳು. ಒಂದು, ಕೌದಿ ಕಪ್ಪು ತೋರಿಸಿದ ಹಳೆಯ ಗಾಯಗಳನ್ನೆಲ್ಲ ಮತ್ತೆ ನೋಡಬೇಕು. ಕಾಮತ್ ಹದಿನೈದು ದಿನ ಕೂತು ನೋಡಿದರು. ಹನ್ನೆರಡು ಜಿಲ್ಲೆಯಲ್ಲಿ ಹತ್ತೊಂಬತ್ತು ಮಕ್ಕಳ ವಿಷಯದಲ್ಲಿ, ಕತ್ತರಿಸಿದ್ದು ನಿಜಕ್ಕೂ ಸತ್ತ ಮಾಂಸವೇ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಅದರಲ್ಲಿ ಇಬ್ಬರು ದಾವಣಗೆರೆಯವರು, ಸಿಂಚನಾಳ ಕೈಯಲ್ಲೇ ಮಲಗಿದ್ದವರು. ಆ ಎರಡು ಹೆಸರನ್ನು ಅವಳು ಚೀಟಿಯಲ್ಲಿ ಬರೆದು ಕೌದಿಯ ಪಕ್ಕ ಅಂಟಿಸಿದಳು. ಆ ಎರಡು ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, ಇದ್ದದ್ದನ್ನು ಇದ್ದಹಾಗೆ ಹೇಳಿ ಬಂದಳು. ಒಂದು ಮನೆಯವರು ಒಳಗೆ ಕರೆದು ನೀರು ಕೊಟ್ಟರು. ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡರು. ಎರಡನ್ನೂ ಅವಳು ಸುಮ್ಮನೆ ಸಹಿಸಿದಳು.

ಎರಡನೆಯದು, ಕೌದಿ ಕಣ್ಣು ತೆರೆಯುವ ಮೊದಲು ಬಾಯಿ ತೆರೆಯಬೇಕು. ಅಂದಿನಿಂದ ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಬರತೊಡಗಿತು: ‘ಏನು ಹಚ್ಚಿದ್ದೀರಿ?’ ಉತ್ತರ ತುಂಬದೆ ಕತ್ತರಿ ಅಲುಗುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ಟೂತ್‌ಪೇಸ್ಟು, ಕಾಫಿಪುಡಿ, ಜೇನುತುಪ್ಪ, ಪೆನ್ನಿನ ಶಾಯಿ, ಮೊಟ್ಟೆಯ ಬಿಳಿ, ಸುಣ್ಣದ ತಿಳಿ ಎಲ್ಲ ಬಂದು ಕೂತವು. ಪ್ರತಿಯೊಂದರ ಕೆಳಗೆ ಅದನ್ನು ಬಿಡಿಸುವ ಬಗೆಯನ್ನು ಕಾಮತ್ ಮತ್ತು ಸಿಂಚನಾ ಜಗಳವಾಡಿಕೊಂಡು ಬರೆದರು. ಬಾಗಿಲ ಮೇಲೆ ಹೊಸ ಬೋರ್ಡು ಬಂತು, ಹಸಿರು ಅಕ್ಷರದಲ್ಲಿ: ‘ಸುಟ್ಟರೆ ತಣ್ಣೀರು ಸಾಕು. ಬೇರೇನಾದರೂ ಹಚ್ಚಿದ್ದರೆ ಹೆದರಬೇಡಿ, ಹೇಳಿ.’

ಮೂರು ತಿಂಗಳ ಮೇಲೆ, ದೀಪಾವಳಿ ಕಳೆದ ವಾರ, ಹಾಲಮ್ಮ ಕೊನೆಯ ತಪಾಸಣೆಗೆ ಬಂದಳು. ಕೈಯಲ್ಲಿ ಒಂದು ಪೊಟ್ಟಣ ಮಂಡಕ್ಕಿ. ಬಲಗೈಯಲ್ಲೇ ಹಿಡಿದಿದ್ದಳು, ಐದೂ ಬೆರಳು ಮಡಚಿ. ಸಿಂಚನಾ ಅದನ್ನೇ ನೋಡುತ್ತ ನಿಂತಳು.

ಶಿಲ್ಪಾ ಕೂರುವ ಮೊದಲೇ, ಯಾರೂ ಕೇಳುವ ಮೊದಲೇ, ದೊಡ್ಡ ದನಿಯಲ್ಲಿ ಹೇಳಿದಳು. “ಸಿಸ್ಟರೇ, ಬೆರಳಿಗೆ ಏನೋ ಹಚ್ಕಂಡೈತೆ. ಮೊದಲೇ ಹೇಳ್ತಿದೀನಿ. ನಾನಲ್ಲ, ಅದೇ ಹಚ್ಕಂಡಿದ್ದು.”

“ಏನ್ ಹಚ್ಕಂಡೆ, ಪುಟ್ಟಿ? ತೋರ್ಸು.”

ಹಾಲಮ್ಮ ಕೈ ಚಾಚಿದಳು. ಮುಂಗೈಯ ಹೊಸ ಚರ್ಮ ಉಳಿದ ಮೈಗಿಂತ ಒಂದು ಸುತ್ತು ತಿಳಿಯಾಗಿತ್ತು, ಅಷ್ಟೆ. ಬೆರಳ ತುದಿಗಳಲ್ಲಿ ಹಳೆಯ ಗೆರೆಗಳು ತಿರುಗಿ ಎದ್ದಿದ್ದವು. ಎರಡು ತುದಿಯಲ್ಲಿ ಮಾತ್ರ, ತೋರುಬೆರಳು ಮತ್ತು ನಡುಬೆರಳಿನಲ್ಲಿ, ಕೌದಿ ಹೊಲಿದ ಚರ್ಮ ಬರೆಯದ ಹಲಗೆಯಂತೆ ನುಣ್ಣಗಿತ್ತು. ಕೌದಿಗೆ ಚರ್ಮ ಹೊಲಿಯಲು ಬರುತ್ತದೆ, ಗೆರೆ ಬರೆಯಲು ಬರುವುದಿಲ್ಲ. ಆ ಎರಡು ನುಣುಪು ಜಾಗದ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಸುತ್ತು ಸುತ್ತಾಗಿ ಏನೋ ಬರೆದಿತ್ತು.

“ಈ ಬೆರಳಾಗೆ ಮೊದಲು ಶಂಖ ಇತ್ತು,” ಎಂದಳು ಹಾಲಮ್ಮ ತೋರುಬೆರಳೆತ್ತಿ. “ಈಗ ಖಾಲಿ ಆಗಿತ್ತಲ್ಲ, ಅದಕ್ಕೆ ಇದನ್ನೂ ಚಕ್ರ ಮಾಡ್ಕಂಡೆ. ಎಣಿಸಿ ಬೇಕಾದ್ರೆ. ಹತ್ತಾದವು.”

ಸಿಂಚನಾ ಎಣಿಸಿದಳು. ಹತ್ತು ಇದ್ದವು.

ಕೈಯನ್ನು ಕೌದಿಯ ಕಣ್ಣಿನ ಕೆಳಗೆ ಇಟ್ಟಳು. ಪರದೆ ಬೆಳಗಿ ಎಂದಿನಂತೆ ಮೊದಲು ಕೇಳಿತು: ‘ಏನು ಹಚ್ಚಿದ್ದೀರಿ?’ ಅವಳು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಉತ್ತರ ತುಂಬಿದಳು: ಚಕ್ರ.